ಪ್ರಥಮ ಪಿಯುಸಿ ಜೀವಶಾಸ್ತ್ರ: ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವುತ್ತೀರಿ

ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಮೇಜಿನ ಮೇಲೆ ಬಂದಾಗ ಪ್ರತಿ ವರ್ಷವೂ ನನಗೆ ಒಂದೇ ಸಂಕಟ. ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ ಅಂಕ ತಂದ ಮಕ್ಕಳು ಜೀವಶಾಸ್ತ್ರದಲ್ಲಿ 25ಕ್ಕೆ ಎಂಟೋ ಒಂಬತ್ತೋ ತೆಗೆದಿರುತ್ತಾರೆ. ಓದದೆ ಬಂದವರಲ್ಲ ಇವರು. ರಾತ್ರಿ ಹನ್ನೊಂದರವರೆಗೆ ಪುಸ್ತಕ ಹಿಡಿದು ಕೂತವರೇ. ಕರೆದು ಮಾತನಾಡಿಸಿದರೆ ಬಹುತೇಕ ಎಲ್ಲರೂ ಒಂದೇ ದಾರಿಯಲ್ಲಿ ಹೋಗಿರುತ್ತಾರೆ: ಮೊದಲು ಬಾಯಿಪಾಠ, ಆಮೇಲೆ ಪುಸ್ತಕ ನೋಡಿ ಚಿತ್ರ, ಕೊನೆಗೆ ಎಂದೋ ಒಂದು ದಿನ ಲ್ಯಾಬಿನಲ್ಲಿ ನಿಜವಾದ ವಸ್ತು.

ಈ ವಿಷಯದ ಮಟ್ಟಿಗೆ ಅದು ಸಂಪೂರ್ಣ ತಲೆಕೆಳಗಾದ ಕ್ರಮ. ಮೊದಲು ಕಣ್ಣಿನಿಂದ ನೋಡಬೇಕು, ಆಮೇಲೆ ಕೈಯಿಂದ ಬಿಡಿಸಬೇಕು, ಆಮೇಲೆ ಅದಕ್ಕೊಂದು ಹೆಸರು ಇಡಬೇಕು. ಬಾಯಿಪಾಠದ ಸರದಿ ಇಷ್ಟೆಲ್ಲ ಆದ ಮೇಲೆ. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಜೋಡಿಸಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದು ಜೂನ್ ತಿಂಗಳಲ್ಲಿ ದಿಕ್ಕೆಟ್ಟು ಕೂರುವ ಮಕ್ಕಳನ್ನು ಮುಖ್ಯವಾಗಿ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಆದರೆ ಇಂಗ್ಲಿಷ್ ಮಾಧ್ಯಮದವರೂ ಇದೇ ಜಾಗಗಳಲ್ಲಿ ಎಡವುತ್ತಾರೆ.

## ಹಂತ 1: ಎದುರಿಗೆ ಏನಿದೆ ಎಂದು ಮೊದಲು ನೋಡಿ

ಪಠ್ಯಪುಸ್ತಕ ಎನ್‌ಸಿಇಆರ್‌ಟಿಯ 11ನೇ ತರಗತಿಯದು. ಅದರಲ್ಲಿ ಐದು ಘಟಕಗಳು, 19 ಅಧ್ಯಾಯಗಳು: ಜೀವಿವೈವಿಧ್ಯ ನಾಲ್ಕು, ಸಸ್ಯ ಮತ್ತು ಪ್ರಾಣಿಗಳ ರಚನೆ ಮೂರು, ಜೀವಕೋಶ ಮೂರು, ಸಸ್ಯಗಳ ಶರೀರಕ್ರಿಯೆ ಮೂರು, ಮಾನವ ಶರೀರಕ್ರಿಯೆ ಆರು. ಲಿಖಿತ ಪರೀಕ್ಷೆಗೆ 70 ಅಂಕ, ಪ್ರಯೋಗಕ್ಕೆ 30.

ಅಕ್ಕನದೋ ಪಕ್ಕದ ಮನೆಯವರದೋ ಹಳೆಯ ಪುಸ್ತಕ ಸಿಕ್ಕಿದ್ದರೆ ಮೊದಲು ಪರಿವಿಡಿ ತೆರೆಯಿರಿ. 22 ಅಧ್ಯಾಯಗಳಿದ್ದರೆ ಅದು ಪರಿಷ್ಕರಣೆಗೆ ಮುಂಚಿನದು. ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ, ಜೀರ್ಣಕ್ರಿಯೆ ಎಂಬ ಮೂರು ಅಧ್ಯಾಯಗಳು ಈಗ ಇಲ್ಲ. ಹಳೆಯದರಲ್ಲಿ ಎರೆಹುಳು, ಜಿರಳೆ, ಕಪ್ಪೆ ಮೂರರ ವಿವರವೂ ಇತ್ತು. ಈಗ ಕಪ್ಪೆ ಮಾತ್ರ ಉಳಿದಿದೆ. ಒಬ್ಬ ಹುಡುಗ ದಸರಾ ರಜೆಯಲ್ಲಿ ಜಿರಳೆಯ ಬಾಯಿಯ ಭಾಗಗಳನ್ನು ಒಂದೂ ಬಿಡದೆ ಕಲಿತು ಬಂದು ನನ್ನ ಮುಂದೆ ಒಪ್ಪಿಸಿದ. ಅದು ಪಾಠದಲ್ಲೇ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕೆಲವು ಕಾಲೇಜುಗಳಲ್ಲಿ ಸಸ್ಯಶಾಸ್ತ್ರಕ್ಕೆ ಒಬ್ಬರು, ಪ್ರಾಣಿಶಾಸ್ತ್ರಕ್ಕೆ ಒಬ್ಬರು ಉಪನ್ಯಾಸಕರಿರುತ್ತಾರೆ. ಆಗ ಎರಡು ಅಧ್ಯಾಯಗಳು ಒಟ್ಟಿಗೇ ಓಡುತ್ತವೆ. ಮೊದಲ ದಿನದಿಂದಲೇ ಎರಡು ನೋಟ್‌ಬುಕ್ ಇಡಿ. ಒಂದರಲ್ಲೇ ಬರೆದುಕೊಂಡು ಹೋದರೆ ಸೆಪ್ಟೆಂಬರ್ ಹೊತ್ತಿಗೆ ಹಾವಸೆಯ ಪಕ್ಕದಲ್ಲಿ ಹೃದಯ ಬಂದು ಕೂತಿರುತ್ತದೆ.

ಎಸ್‌ಎಸ್‌ಎಲ್‌ಸಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಮಾತಿನಲ್ಲಿ ಹೇಳಬಹುದು. ಅಲ್ಲಿ ಹೂವಿಗೆ ದಳ ಇದೆ ಎಂದು ಬರೆದರೆ ಸಾಕಿತ್ತು. ಇಲ್ಲಿ ಮೊಗ್ಗಿನೊಳಗೆ ಆ ದಳಗಳು ಒಂದರ ಮೇಲೊಂದು ಹೇಗೆ ಮಡಚಿಕೊಂಡಿವೆ ಎಂಬುದಕ್ಕೂ ಬೇರೆ ಬೇರೆ ಹೆಸರುಗಳಿವೆ.

## ಹಂತ 2: ಸಲಕರಣೆ ಕೊಳ್ಳಿ, ಆದರೆ ಇಷ್ಟೇ ಸಾಕು

ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯಲ್ಲಿ ಬಹಳಷ್ಟು ಸಾಮಾನು ಇರುತ್ತದೆ. ನಿಜಕ್ಕೂ ಬೇಕಾದವು ಇವು: ಎರಡು ಸೂಜಿಗಳು, ತುದಿ ಸಣ್ಣಗಿರುವ ಒಂದು ಚಿಮುಟ, ಹೊಸ ಬ್ಲೇಡು, ಮೃದುವಾದ ಕುಂಚ, ಹತ್ತಿ ಬಟ್ಟೆಯ ತುಂಡು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಚೂಪು ಮಾಡಿದ ಎಚ್‌ಬಿ ಪೆನ್ಸಿಲ್, ಒಳ್ಳೆಯ ರಬ್ಬರ್. ಗಾಜಿನ ಪಟ್ಟಿ, ಮುಚ್ಚುಗಾಜು, ಬಣ್ಣದ್ರಾವಣಗಳನ್ನು ಕಾಲೇಜೇ ಕೊಡುತ್ತದೆ.

ಇವುಗಳಲ್ಲಿ ಕೈಮಸೂರವೇ ಎಲ್ಲಕ್ಕಿಂತ ಉಪಯುಕ್ತ, ಅದನ್ನೇ ಯಾರೂ ಕೊಳ್ಳುವುದಿಲ್ಲ. ಜೇಬಿನಲ್ಲಿ ಇಟ್ಟುಕೊಂಡು ಓಡಾಡಿ. ಬಸ್ಸಿಗೆ ಕಾಯುವಾಗ ಎಲೆಯ ಹಿಂಬದಿ ನೋಡಿದರೂ ಆ ದಿನದ ಪಾಠ ಅರ್ಧ ಆದ ಹಾಗೆ.

ಬಹಳ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: ಕಪ್ಪೆಯನ್ನು ಕತ್ತರಿಸಬೇಕೇ? ಇಲ್ಲ. ಪ್ರಾಣಿಗಳ ಭಾಗವನ್ನು ಮಾದರಿ, ಚಿತ್ರಪಟ, ಸಂರಕ್ಷಿಸಿಟ್ಟ ವಸ್ತುಗಳಿಂದಲೇ ಕಲಿಸುತ್ತಾರೆ. ಕತ್ತರಿಸುವುದು ಕಾಂಡ, ಬೇರು, ಹೂವುಗಳನ್ನು ಮಾತ್ರ.

## ಹಂತ 3: ಪದಗಳನ್ನು ಒಡೆಯಿರಿ, ನುಂಗಬೇಡಿ

ಕನ್ನಡ ಮಾಧ್ಯಮದ ಮಕ್ಕಳು ಜೂನ್‌ನಲ್ಲಿ ಮಾಡುವ ಅತಿ ದೊಡ್ಡ ತಪ್ಪು ಎಂದರೆ ಹತ್ತು ವರ್ಷ ಕಲಿತ ಕನ್ನಡ ಪದಗಳನ್ನೆಲ್ಲ ಮೂಟೆ ಕಟ್ಟಿ ಎಸೆಯುವುದು. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಇನ್ನು ಇವೇಕೆ ಎಂದುಕೊಳ್ಳುತ್ತಾರೆ. ನಿಮ್ಮ ಕೈಯಲ್ಲಿರುವ ಬಂಡವಾಳವೇ ಅದು, ಕಳೆದುಕೊಳ್ಳಬೇಡಿ.

ದ್ಯುತಿಸಂಶ್ಲೇಷಣೆ ಎಂಬ ಪದವನ್ನೇ ನೋಡಿ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು. ಫೋಟೋಸಿಂಥೆಸಿಸ್ ಎಂಬ ಪದವೂ ಗ್ರೀಕಿನಲ್ಲಿ ಅಕ್ಷರಶಃ ಅದನ್ನೇ ಹೇಳುತ್ತದೆ. ಅನಾವೃತಬೀಜ ಎಂದರೆ ಮುಚ್ಚಿಕೆಯಿಲ್ಲದ ಬೀಜ. ಜಿಮ್ನೋಸ್ಪರ್ಮ್‌ನಲ್ಲಿ ಜಿಮ್ನೋ ಎಂದರೆ ಬೆತ್ತಲೆ, ಸ್ಪರ್ಮ್ ಎಂದರೆ ಬೀಜ. ಅರ್ಥ ನಿಮಗೆ ಮೊದಲೇ ಗೊತ್ತಿದೆ, ಹೊಸದು ಉಚ್ಚಾರ ಮತ್ತು ಕಾಗುಣಿತ ಮಾತ್ರ.

ಮಾಡಬೇಕಾದದ್ದು ಹೀಗೆ. ಒಂದು ಸಣ್ಣ ಪುಸ್ತಕದಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದವನ್ನು ತುಂಡು ಮಾಡಿ ಬರೆಯಿರಿ, ಎರಡನೆಯದರಲ್ಲಿ ಪ್ರತಿ ತುಂಡಿನ ಅರ್ಥ, ಮೂರನೆಯದರಲ್ಲಿ ಎಸ್‌ಎಸ್‌ಎಲ್‌ಸಿಯ ಕನ್ನಡ ಪದ ಅಥವಾ ನೀವು ಕಣ್ಣಾರೆ ಕಂಡ ಒಂದು ವಸ್ತು. ದಿನಕ್ಕೆ ಐದು ಪದ ಸಾಕು. ತುಂಡುಗಳು ಮತ್ತೆ ಮತ್ತೆ ಬರುತ್ತವೆ, ಆದ್ದರಿಂದ ಕೆಲಸ ದಿನದಿಂದ ದಿನಕ್ಕೆ ಹಗುರಾಗುತ್ತದೆ. ಗ್ಲೈಕೋ ಎಂದರೆ ಸಿಹಿ, ಲೈಸಿಸ್ ಎಂದರೆ ಒಡೆಯುವುದು: ಗ್ಲೈಕಾಲಿಸಿಸ್ ಎಂದರೆ ಸಕ್ಕರೆ ಒಡೆಯುವಿಕೆ. ಫೈಟ್ ಎಂದು ಮುಗಿದರೆ ಅದು ಸಸ್ಯ. ಎಪಿ ಎಂದರೆ ಮೇಲೆ, ಎಂಡೋ ಎಂದರೆ ಒಳಗೆ, ಮೀಸೋ ಎಂದರೆ ನಡುವೆ. ಇಂಥ ಐವತ್ತು ತುಂಡುಗಳು ಗೊತ್ತಿದ್ದರೆ ಪುಸ್ತಕದ ಎಷ್ಟೋ ಪದಗಳು ತಾವಾಗಿಯೇ ಬಾಯಿ ಬಿಡುತ್ತವೆ.

ಅವಳಿಗಳ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಮೈಟಾಸಿಸ್ ಮತ್ತು ಮಿಯಾಸಿಸ್, ಯುರೇಟರ್ ಮತ್ತು ಯುರೇಥ್ರಾ, ಕ್ರೊಮ್ಯಾಟಿನ್ ಮತ್ತು ಕ್ರೊಮ್ಯಾಟಿಡ್. ಇಲಿಯಮ್ ಎಂದು ಕೇಳಿಸುವ ಪದಗಳೇ ಎರಡಿವೆ: ಒಂದು ಸಣ್ಣ ಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಮೂಳೆ. ಇಂಗ್ಲಿಷಿನಲ್ಲಿ ಬರೆಯುವಾಗ ವ್ಯತ್ಯಾಸ ಒಂದೇ ಅಕ್ಷರದ್ದು. ಕೇಳಿಸಿಕೊಂಡು ಬರೆದವರು ತಪ್ಪುತ್ತಾರೆ, ಪುಸ್ತಕ ನೋಡಿ ಒಮ್ಮೆ ಕೈಯಿಂದ ಬರೆದವರು ತಪ್ಪುವುದಿಲ್ಲ.

## ಹಂತ 4: ಮನೆಯಲ್ಲಿ ಓದುವ ಕ್ರಮ ಬೇರೆ ಇರಲಿ

ಪುಸ್ತಕ ಶುರುವಾಗುವುದು ವರ್ಗೀಕರಣದಿಂದ. ಹೆಚ್ಚಿನವರು ಮುಗ್ಗರಿಸುವುದೂ ಅಲ್ಲೇ. ರಾಬರ್ಟ್ ವಿಟ್ಟೇಕರ್ 1969ರಲ್ಲಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದರು ಎಂಬ ಕೋಷ್ಟಕ ಎರಡನೆಯ ಅಧ್ಯಾಯದಲ್ಲೇ ಬರುತ್ತದೆ. ಆ ವಿಂಗಡಣೆಗೆ ಆಧಾರ ಕೋಶದ ರಚನೆ, ದೇಹದ ಸಂಘಟನೆ, ಪೋಷಣೆಯ ಬಗೆ, ಸಂತಾನೋತ್ಪತ್ತಿ, ವಿಕಾಸದ ನಂಟು. ಕೋಶಕೇಂದ್ರಕ್ಕೆ ಪೊರೆ ಇದ್ದರೆ ಏನು, ಇಲ್ಲದಿದ್ದರೆ ಏನು, ಕೋಶಭಿತ್ತಿ ಯಾವುದರಿಂದ ಆಗಿದೆ ಎಂಬುದೇ ಗೊತ್ತಿಲ್ಲದವರಿಗೆ ಆ ಕೋಷ್ಟಕ ಬರೀ ಅಕ್ಷರಗಳ ಚೌಕ. ಆ ಉತ್ತರಗಳಿರುವುದು ಎಂಟನೆಯ ಅಧ್ಯಾಯದಲ್ಲಿ.

ಆದ್ದರಿಂದ ತರಗತಿಯಲ್ಲಿ ಉಪನ್ಯಾಸಕರ ಹಿಂದೆ ಹೋಗಿ, ಮನೆಯಲ್ಲಿ ಮಾತ್ರ ಮೊದಲ ಎರಡು ವಾರ ಜೀವಕೋಶದ ಅಧ್ಯಾಯ ಓದಿ. ಅದರ ಬೆನ್ನಿಗೇ ಕೋಶವಿಭಜನೆ. ಆಮೇಲೆ ವರ್ಗೀಕರಣಕ್ಕೆ ಬನ್ನಿ. ಪ್ರಾಣಿ ಸಾಮ್ರಾಜ್ಯದ ಅಧ್ಯಾಯವನ್ನು ಒಂದೇ ಉಸಿರಿಗೆ ಮುಗಿಸುವ ಸಾಹಸ ಬೇಡ. ವಾರಕ್ಕೆ ಒಂದು ವಂಶ, ಅದಕ್ಕೆ ಮೂರು ಪ್ರಾಣಿಗಳ ಹೆಸರು, ಮೂರು ಲಕ್ಷಣ. ಅಷ್ಟಾದರೆ ದಸರಾ ಹೊತ್ತಿಗೆ ಅದು ಸದ್ದಿಲ್ಲದೆ ಮುಗಿದಿರುತ್ತದೆ.

ಕೋಶವಿಭಜನೆಗೆ ಎರಡು ಬಣ್ಣದ ಉಲ್ಲನ್ ದಾರ ಬೇಕು. ಹಂತಗಳನ್ನು ಓದಿ ನೆನಪಿಡಲು ಹೊರಟರೆ ಹೆಸರುಗಳು ಗೋಜಲಾಗುತ್ತವೆ. ಒಂದು ದೊಡ್ಡ ತಟ್ಟೆಯನ್ನು ಕೋಶವೆಂದುಕೊಂಡು ಕೆಂಪು ದಾರ ತಂದೆಯ ಕಡೆಯದು, ಹಸಿರು ತಾಯಿಯ ಕಡೆಯದು ಎಂದು ಜೋಡಿಸಿ. ಪ್ರತಿಯೊಂದರ ಪಕ್ಕಕ್ಕೆ ಅದರದೇ ನಕಲನ್ನು ಇಟ್ಟು ನಡುವೆ ಗಂಟು ಹಾಕಿ. ಈಗ ವರ್ಣತಂತುಗಳ ಸಂಖ್ಯೆ ಎಷ್ಟು ಎಂದು ಎಣಿಸಿ: ಮೊದಲಿದ್ದಷ್ಟೇ. ಇಮ್ಮಡಿಯಾದದ್ದು ಡಿಎನ್‌ಎ. ಈರುಳ್ಳಿಯ ಬೇರಿನ ಕೋಶದಲ್ಲಿ 16 ವರ್ಣತಂತುಗಳಿವೆ. ಡಿಎನ್‌ಎ ನಕಲಾದ ಮೇಲೂ 16 ಎಂದೇ ಲೆಕ್ಕ. ಈ ಒಂದು ಪ್ರಶ್ನೆಗೆ ಪ್ರತಿ ವರ್ಷ ತರಗತಿಯ ಮುಕ್ಕಾಲು ಪಾಲು 32 ಎಂದು ಬರೆಯುತ್ತದೆ. ದಾರ ಹಿಡಿದು ಕೂತವರು ಬರೆಯುವುದಿಲ್ಲ.

## ಹಂತ 5: ಸೂಕ್ಷ್ಮದರ್ಶಕ ಮತ್ತು ಈರುಳ್ಳಿಯ ಪೊರೆ

ಇಡೀ ವರ್ಷದ ಲ್ಯಾಬ್ ಕೆಲಸಕ್ಕೆ ಇದೇ ಅಡಿಪಾಯ. ಅವಸರ ಮಾಡಬೇಡಿ.

ಈರುಳ್ಳಿಯನ್ನು ನಾಲ್ಕು ಭಾಗ ಮಾಡಿ, ಒಣ ಸಿಪ್ಪೆ ಬಿಟ್ಟು ಒಳಗಿನ ರಸಭರಿತ ಪದರವೊಂದನ್ನು ತೆಗೆಯಿರಿ. ಅದರ ಒಳಬಾಗಿದ ಮೈಯನ್ನು ಮೇಲೆ ಮಾಡಿ ಹಿಡಿದು ತುದಿಯನ್ನು ಪಟ್ಟನೆ ಮುರಿದರೆ, ಅಂಚಿನಲ್ಲಿ ತೆಳ್ಳನೆಯ ಪಾರದರ್ಶಕ ಪೊರೆ ಜೋತಾಡುವುದು ಕಾಣುತ್ತದೆ. ಚಿಮುಟದಿಂದ ಅದನ್ನು ಮೆಲ್ಲಗೆ ಎಳೆದು ತಕ್ಷಣ ನೀರಿರುವ ಗಾಜಿನ ಬಟ್ಟಲಿಗೆ ಹಾಕಿ. ಗಾಳಿಯಲ್ಲಿ ಅರೆ ನಿಮಿಷ ಬಿಟ್ಟರೂ ಅದು ಸುರುಳಿ ಸುತ್ತಿಕೊಂಡು ಕೈಗೆ ಸಿಗುವುದಿಲ್ಲ.

ಅಕ್ಕಿಕಾಳಿನ ಅಗಲದಷ್ಟು ಕತ್ತರಿಸಿ ಸಾಕು. ದೊಡ್ಡ ತುಂಡು ಮಡಚಿಕೊಳ್ಳುತ್ತದೆ. ಸ್ಯಾಫ್ರನಿನ್ ಎಂಬ ಕೆಂಪು ಬಣ್ಣದ್ರಾವಣದ ಒಂದು ಹನಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ನೀರಿನಲ್ಲಿ ಹೆಚ್ಚಿನ ಬಣ್ಣ ಕಳೆದು, ಗಾಜಿನ ಪಟ್ಟಿಯ ನಡುವೆ ಒಂದು ಹನಿ ಗ್ಲಿಸರಿನ್ ಮೇಲೆ ಕುಂಚದಿಂದ ಹರಡಿ. ಈಗ ಮುಚ್ಚುಗಾಜು. ಇದನ್ನು ಮೇಲಿನಿಂದ ಬೀಳಿಸಬಾರದು. ಒಂದು ಅಂಚನ್ನು ಹನಿಗೆ ತಾಗಿಸಿ, ಇನ್ನೊಂದು ಅಂಚಿಗೆ ಸೂಜಿಯ ಆಸರೆ ಕೊಟ್ಟು, ಬಾಗಿಲು ಮುಚ್ಚುವ ಹಾಗೆ ನಿಧಾನವಾಗಿ ಇಳಿಸಿ. ಹೊರಬಂದ ದ್ರವವನ್ನು ಸೋಸುಕಾಗದದ ಅಂಚಿನಿಂದ ಹೀರಿಸಿ.

ಸೂಕ್ಷ್ಮದರ್ಶಕದಲ್ಲಿ ಮೊದಲು ಕಡಿಮೆ ಶಕ್ತಿಯ ಮಸೂರ. ಕಣ್ಣುಮಸೂರ 10 ಪಟ್ಟು, ವಸ್ತುಮಸೂರ 10 ಪಟ್ಟು ಆದರೆ ಒಟ್ಟು 100 ಪಟ್ಟು. ಕೂಡಿಸಿ 20 ಎಂದು ಬರೆಯುವವರು ಇದ್ದಾರೆ; ಇಲ್ಲಿ ಗುಣಿಸಬೇಕು. ಕನ್ನಡಿ ತಿರುಗಿಸಿ ಬೆಳಕು ತುಂಬಿದ ಮೇಲೆ, ಪಕ್ಕದಿಂದ ನೋಡುತ್ತಾ ಮಸೂರವನ್ನು ಪೂರ್ತಿ ಕೆಳಗಿಳಿಸಿ, ಆಮೇಲೆ ಕಣ್ಣಿಟ್ಟು ಮೇಲಕ್ಕೆತ್ತುತ್ತಾ ಬನ್ನಿ. ಕಣ್ಣಿಟ್ಟುಕೊಂಡೇ ಕೆಳಗಿಳಿಸಿದರೆ ಗಾಜು ಚಿಟ್ಟೆನ್ನುತ್ತದೆ, ಮಸೂರಕ್ಕೂ ಗೀರು ಬೀಳುತ್ತದೆ. ಹೆಚ್ಚಿನ ಶಕ್ತಿಗೆ ತಿರುಗಿಸಿದ ಮೇಲೆ ದೊಡ್ಡ ತಿರುಪನ್ನು ಮುಟ್ಟಲೇಬೇಡಿ, ಸಣ್ಣದು ಮಾತ್ರ.

ಮೊದಲ ಸಲ ನೋಡಿದ ಹುಡುಗಿಯೊಬ್ಬಳು ದಪ್ಪ ಕಪ್ಪು ಅಂಚಿನ ದುಂಡನೆಯ ವಸ್ತುವನ್ನು ಚೆಂದವಾಗಿ ಬಿಡಿಸಿ ಕೋಶಕೇಂದ್ರ ಎಂದು ಬರೆದಿದ್ದಳು. ಅದು ಗಾಳಿಗುಳ್ಳೆ. ಬಹುತೇಕ ಎಲ್ಲರಿಗೂ ಆಗುವ ಮೋಸ ಇದು. ಸೂಜಿಯ ಹಿಡಿಯಿಂದ ಮುಚ್ಚುಗಾಜನ್ನು ಮೆತ್ತಗೆ ಒತ್ತಿ ನೋಡಿ: ಗುಳ್ಳೆಯಾದರೆ ಜಾರುತ್ತದೆ ಅಥವಾ ಆಕಾರ ಬದಲಿಸುತ್ತದೆ. ನಿಜವಾದ ಕೋಶಗಳು ಇಟ್ಟಿಗೆ ಗೋಡೆಯಂತೆ ಸಾಲಾಗಿ ಕಾಣುತ್ತವೆ, ಕೋಶಕೇಂದ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ. ನಡುವಿನ ಜಾಗವನ್ನು ಆಕ್ರಮಿಸಿಕೊಂಡಿರುವುದು ರಸದಾನಿ, ಅಂದರೆ ರಸ ತುಂಬಿದ ಚೀಲ. ಇಷ್ಟು ನೋಡಿದವರು ಸಸ್ಯಕೋಶದ ಚಿತ್ರದಲ್ಲಿ ಕೋಶಕೇಂದ್ರವನ್ನು ನಟ್ಟನಡುವೆ ಇಡುವುದಿಲ್ಲ.

ಇನ್ನೊಂದು ಮಾತು. ಕಂಡದ್ದನ್ನೇ ಬಿಡಿಸಿ. ಈರುಳ್ಳಿಯ ಪೊರೆಯ ಚಿತ್ರದಲ್ಲಿ ಮೈಟೋಕಾಂಡ್ರಿಯಾ ಬರೆದುಕೊಂಡು ಬಂದರೆ ನಾನು ಸೂಕ್ಷ್ಮದರ್ಶಕದ ಬಳಿಗೆ ಕರೆದೊಯ್ದು ತೋರಿಸು ಎನ್ನುತ್ತೇನೆ. ಕ್ಲೋರೋಪ್ಲಾಸ್ಟ್ ಕೂಡ ಅಲ್ಲಿಲ್ಲ. ಮಣ್ಣಿನೊಳಗೆ ಬೆಳೆಯುವ ಗಡ್ಡೆಯ ಪದರಕ್ಕೆ ಅದರ ಅಗತ್ಯವೇನು ಎಂದು ಯೋಚಿಸಿದರೆ ಉತ್ತರ ನಿಮಗೇ ಹೊಳೆಯುತ್ತದೆ.

ಇದೇ ಕೈಚಳಕದಿಂದ ಮುಂದಿನ ಪ್ರಯೋಗವನ್ನೂ ಮಾಡಬಹುದು. ರಿಯೋ ಎಂಬ ಅಲಂಕಾರದ ಗಿಡದ ಎಲೆ ಮೇಲೆ ಹಸಿರು, ಕೆಳಗೆ ನೇರಳೆ. ನೇರಳೆ ಬದಿಯ ಪೊರೆ ತೆಗೆದು ಉಪ್ಪುನೀರು ಹಾಕಿದರೆ ಬಣ್ಣದ ಭಾಗ ಗೋಡೆಯಿಂದ ಬಿಟ್ಟುಕೊಂಡು ಒಳಕ್ಕೆ ಕುಗ್ಗುವುದು ನಿಮ್ಮ ಕಣ್ಣೆದುರೇ ನಡೆಯುತ್ತದೆ. ಉಪ್ಪು ಹಾಕಿಟ್ಟ ಮಾವಿನ ಮಿಡಿ ಭರಣಿಯಲ್ಲಿ ಸುಕ್ಕಾಗಿ, ನೀರು ಬಿಟ್ಟುಕೊಳ್ಳುವುದಕ್ಕೂ ಕಾರಣ ಇದೇ ಅಭಿಸರಣೆ, ಅಂದರೆ ಪೊರೆಯ ಮೂಲಕ ಉಪ್ಪು ಹೆಚ್ಚಿರುವ ಕಡೆಗೆ ನೀರು ಸಾಗುವುದು.

## ಹಂತ 6: ಹೂವನ್ನು ಬಿಚ್ಚಿ, ಹಿತ್ತಲಿನಿಂದಲೇ ಕಲಿಯಿರಿ

ಹೂಬಿಡುವ ಸಸ್ಯಗಳ ಬಾಹ್ಯರಚನೆಯ ಅಧ್ಯಾಯವನ್ನು ಮಕ್ಕಳು ದ್ವೇಷಿಸುತ್ತಾರೆ. ನನಗೆ ಅದೇ ಅತ್ಯಂತ ಪ್ರಿಯವಾದದ್ದು, ಏಕೆಂದರೆ ಅದರ ಬಹುತೇಕ ಉದಾಹರಣೆಗಳು ನಮ್ಮ ಹಿತ್ತಲಲ್ಲೂ ಬೇಲಿಯಲ್ಲೂ ಇವೆ. ಪುಸ್ತಕದಲ್ಲಿ ಅವು ಇಂಗ್ಲಿಷ್ ಹೆಸರಿನಲ್ಲೋ ಲ್ಯಾಟಿನ್ ಹೆಸರಿನಲ್ಲೋ ಇರುವುದರಿಂದ ಗುರುತು ಹತ್ತುವುದಿಲ್ಲ, ಅಷ್ಟೇ.

ಬದನೆ ಹೂವಿನಿಂದ ಶುರು ಮಾಡಿ. ಬೆಳಿಗ್ಗೆ ಆಗತಾನೇ ಅರಳಿದ್ದು ಬೇಕು, ಜೊತೆಗೆ ಒಂದು ದೊಡ್ಡ ಮೊಗ್ಗು. ಹೊರಗಿನ ಹಸಿರು ಪುಷ್ಪಪತ್ರಗಳು ಬುಡದಲ್ಲಿ ಕೂಡಿಕೊಂಡಿವೆಯೇ ಎಂದು ನೋಡಿ. ಈಗ ಅಡುಗೆಮನೆಯ ಬದನೆಕಾಯಿ ತನ್ನಿ: ತೊಟ್ಟಿನ ಬಳಿಯ ಹಸಿರು ಟೋಪಿ ಅದೇ ಪುಷ್ಪಪತ್ರ, ಕಾಯಿಯಾದರೂ ಉದುರದೆ ಉಳಿದದ್ದು. ಉಳಿದುಕೊಳ್ಳುವ ಪುಷ್ಪಪಾತ್ರೆ ಎಂಬ ಲಕ್ಷಣ ಇನ್ನು ಮರೆಯುವುದು ಸಾಧ್ಯವೇ?

ದಳಗಳ ಕೊಳವೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಹಳದಿ ಕೇಸರಗಳು ದಳಕ್ಕೇ ಅಂಟಿಕೊಂಡು ಬರುತ್ತವೆ. ಪುಸ್ತಕ ಎಪಿಪೆಟಲಸ್ ಎನ್ನುವುದು ಇದಕ್ಕೆ: ಎಪಿ ಎಂದರೆ ಮೇಲೆ, ಪೆಟಲ್ ಎಂದರೆ ದಳ. ಐದು ಪುಷ್ಪಪತ್ರ, ಐದು ದಳ, ಐದು ಕೇಸರ. ಕೊನೆಗೆ ಅಂಡಾಶಯವನ್ನು ಅಡ್ಡಕ್ಕೆ ಕತ್ತರಿಸಿ ಕೈಮಸೂರದಲ್ಲಿ ನೋಡಿದರೆ ಉಬ್ಬಿದ ದಿಂಬಿನ ಮೇಲೆ ಅಂಡಕಗಳು ಕಿಕ್ಕಿರಿದಿರುತ್ತವೆ. ಇದಿಷ್ಟೂ ಸೊಲನೇಸಿ ಕುಟುಂಬದ ಲಕ್ಷಣ. ಹೂವಿನ ಸೂತ್ರವನ್ನು, ಅಂದರೆ ಹೂವಿನ ಭಾಗಗಳನ್ನು ಚಿಹ್ನೆ ಮತ್ತು ಅಂಕಿಗಳಲ್ಲಿ ಹೇಳುವ ಸಾಲನ್ನು, ಈಗ ಬರೆಯಿರಿ, ಹೂವು ಎದುರಿಗಿರುವಾಗಲೇ. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಇದೇ ಕುಟುಂಬಕ್ಕೆ ಸೇರಿದವು. ಉಮ್ಮತ್ತಿಯೂ ಸೇರಿದ್ದೇ, ಆದರೆ ಅದು ವಿಷ. ಮುಟ್ಟಿದರೆ ಕೈ ತೊಳೆಯದೆ ಕಣ್ಣು ಬಾಯಿ ಮುಟ್ಟಬೇಡಿ.

ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ. ಈ ಕುಟುಂಬದ ಅಂಡಾಶಯಕ್ಕೆ ಎರಡು ಕೋಣೆ ಎಂದು ಪುಸ್ತಕ ಹೇಳುತ್ತದೆ. ಸಂತೆಯ ದಪ್ಪ ಟೊಮೆಟೊ ಕೊಯ್ದರೆ ನಾಲ್ಕೋ ಆರೋ ಕೋಣೆಗಳು ಕಾಣುತ್ತವೆ. ಪುಸ್ತಕವೂ ತಪ್ಪಲ್ಲ, ನಿಮ್ಮ ಕಣ್ಣೂ ತಪ್ಪಲ್ಲ. ದೊಡ್ಡ ಹಣ್ಣಿಗಾಗಿ ಜನ ತಲೆಮಾರುಗಟ್ಟಲೆ ಆಯ್ದು ಬೆಳೆಸಿದ ತಳಿಗಳಲ್ಲಿ ಕೋಣೆಗಳು ಹೆಚ್ಚಾಗಿವೆ. ಪರೀಕ್ಷೆಯಲ್ಲಿ ಕುಟುಂಬದ ಲಕ್ಷಣ ಕೇಳಿದರೆ ಎರಡು ಎಂದೇ ಬರೆಯಿರಿ.

ಮೊಗ್ಗಿನಲ್ಲಿ ದಳಗಳ ಜೋಡಣೆಗೆ ನಾಲ್ಕು ಹೂಗಳು ಸಾಕು. ಎಕ್ಕದ ಮೊಗ್ಗಿನಲ್ಲಿ ದಳಗಳ ಅಂಚುಗಳು ತಾಗಿಕೊಂಡಿರುತ್ತವೆ, ಒಂದರ ಮೇಲೊಂದು ಹತ್ತಿರುವುದಿಲ್ಲ. ಅದರ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ದಾಸವಾಳ ಮತ್ತು ಬೆಂಡೆಯಲ್ಲಿ ಪ್ರತಿ ದಳವೂ ಪಕ್ಕದ ದಳದ ಮೇಲೆ ಒಂದೇ ದಿಕ್ಕಿನಲ್ಲಿ ಹೊದ್ದುಕೊಂಡು ತಿರುಚಿದಂತೆ ಇರುತ್ತದೆ. ಗುಲ್‌ಮೊಹರ್‌ನಲ್ಲಿ ಹೊದಿಕೆ ಇದೆ, ದಿಕ್ಕಿನ ನಿಯಮ ಇಲ್ಲ. ಅವರೆ ಹೂವಿನಲ್ಲಿ ಒಂದು ದೊಡ್ಡ ದಳ ಎರಡು ರೆಕ್ಕೆಗಳನ್ನು ಹೊದ್ದು, ಆ ರೆಕ್ಕೆಗಳು ಒಳಗಿನ ಎರಡು ಸಣ್ಣ ದಳಗಳನ್ನು ಹೊದ್ದಿರುತ್ತವೆ. ಆ ಸಣ್ಣವನ್ನು ಬಿಡಿಸಿದರೆ ಕೇಸರಗಳಲ್ಲಿ ಒಂಬತ್ತು ಸೇರಿ ಒಂದು ಕಟ್ಟಾಗಿ, ಹತ್ತನೆಯದು ಮಾತ್ರ ಬೇರೆಯಾಗಿ ನಿಂತಿರುವುದು ಕಾಣುತ್ತದೆ. ದಾಸವಾಳದಲ್ಲಾದರೆ ಎಲ್ಲವೂ ಸೇರಿ ಒಂದೇ ಕೊಳವೆ.

## ಹಂತ 7: ಚಿತ್ರ ಮತ್ತು ರೆಕಾರ್ಡ್

ಚಿತ್ರಕಲೆ ಬರುವುದಿಲ್ಲ ಎಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ. ಬೇಕಾದದ್ದು ಅಂದವಲ್ಲ, ಪ್ರಮಾಣ. ಪುಟದ ಅರ್ಧದಷ್ಟಾದರೂ ದೊಡ್ಡದಾಗಿರಲಿ. ಒಂದೇ ತೆಳುಗೆರೆಯಲ್ಲಿ ಬಿಡಿಸಿ. ಕೂದಲು ಕೂದಲಾಗಿ ತಿದ್ದಬೇಡಿ, ನೆರಳು ತುಂಬಬೇಡಿ. ಹೆಸರಿನ ಗೆರೆಗಳನ್ನು ಅಳತೆಪಟ್ಟಿಯಿಂದ ಎಳೆಯಿರಿ, ಒಂದನ್ನೊಂದು ಕತ್ತರಿಸದಿರಲಿ, ಗೆರೆಯ ತುದಿ ಆ ಭಾಗವನ್ನು ಮುಟ್ಟಲೇಬೇಕು. ಹೃದಯದ ಚಿತ್ರದಲ್ಲಿ ಗೆರೆ ಕವಾಟದಿಂದ ಎರಡು ಮಿಲಿಮೀಟರ್ ಆಚೆ ನಿಂತರೆ ನೀವು ತೋರಿಸಿದ್ದು ಕೋಣೆಯನ್ನು.

ಪುಸ್ತಕ ಮುಚ್ಚಿ ಬಿಡಿಸುವುದೇ ಅಭ್ಯಾಸ. ನೋಡಿ ನಕಲು ಮಾಡಿದ ಹತ್ತು ಚಿತ್ರಕ್ಕಿಂತ, ಮುಚ್ಚಿ ಬಿಡಿಸಿ ಆಮೇಲೆ ತೆರೆದು ಕೆಂಪು ಶಾಯಿಯಲ್ಲಿ ತಪ್ಪು ಗುರುತಿಸಿದ ಒಂದು ಚಿತ್ರ ಮೇಲು.

ರೆಕಾರ್ಡನ್ನು ಆ ವಾರದ್ದು ಆ ವಾರವೇ ಮುಗಿಸಿ. ಜನವರಿಯಲ್ಲಿ ಮೂರು ರಾತ್ರಿ ಕೂತು ಗೆಳೆಯರದನ್ನು ನೋಡಿ ಬರೆದ ರೆಕಾರ್ಡಿನಲ್ಲಿ ಗೆಳೆಯರ ತಪ್ಪುಗಳೂ ಹಾಗೆಯೇ ಬಂದಿರುತ್ತವೆ.

## ಹಂತ 8: ಶರೀರಕ್ರಿಯೆಗೆ ಲೆಕ್ಕ ಹಾಕಿ

ಮಾನವ ಶರೀರದ ಆರು ಅಧ್ಯಾಯಗಳಲ್ಲಿ ಅಂಕಿಗಳು ಬಹಳ. ಅವನ್ನು ಬಿಡಿಬಿಡಿಯಾಗಿ ನೆನಪಿಡಲು ಹೋದರೆ ಪರೀಕ್ಷೆಯ ದಿನ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಅಂಕಿಗಳ ನಡುವಿನ ನಂಟನ್ನು ಹಿಡಿಯಿರಿ.

ಹೃದಯ ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೆ ಒಂದು ಹೃತ್ಕುಕ್ಷಿ (ಹೃದಯದ ಕೆಳಗಿನ ಕೋಣೆ) ಸುಮಾರು 70 ಮಿಲಿಲೀಟರ್ ರಕ್ತ ಹೊರದೂಡುತ್ತದೆ. ಗುಣಿಸಿದರೆ 5040, ಅಂದರೆ ನಿಮಿಷಕ್ಕೆ ಐದು ಲೀಟರ್. 60 ಸೆಕೆಂಡನ್ನು 72ರಿಂದ ಭಾಗಿಸಿದರೆ ಒಂದು ಹೃದಯಚಕ್ರಕ್ಕೆ 0.8 ಸೆಕೆಂಡು. ಎರಡು ಅಂಕಿಯಿಂದ ನಾಲ್ಕು ಉತ್ತರ.

ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ದ್ರವ ಸೋಸುತ್ತವೆ. ದಿನಕ್ಕೆ ಎಷ್ಟು? 180 ಲೀಟರ್. ಆದರೆ ಮೂತ್ರವಾಗಿ ಹೊರಹೋಗುವುದು ಒಂದರಿಂದ ಒಂದೂವರೆ ಲೀಟರ್ ಮಾತ್ರ. ಉಳಿದದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳಿಕೊಂಡವರಿಗೆ ಮರುಹೀರಿಕೆಯ ಆ ಉದ್ದನೆಯ ನಳಿಕೆ ಏಕಿದೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ದ್ಯುತಿಸಂಶ್ಲೇಷಣೆ ಮತ್ತು ಉಸಿರಾಟದ ಚಕ್ರಗಳಿಗೆ ಬೇರೆ ಉಪಾಯ. ರಾಸಾಯನಿಕಗಳ ಹೆಸರಿಗೆ ಕೈ ಹಾಕುವ ಮುನ್ನ ಮೂರು ಪ್ರಶ್ನೆ: ಎಲ್ಲಿ ನಡೆಯುತ್ತದೆ, ಏನು ಒಳಬರುತ್ತದೆ, ಏನು ಹೊರಹೋಗುತ್ತದೆ. ಗ್ಲೈಕಾಲಿಸಿಸ್ ಕೋಶದ್ರವ್ಯದಲ್ಲಿ, ಕ್ರೆಬ್ಸ್ ಚಕ್ರ ಮೈಟೋಕಾಂಡ್ರಿಯಾದ ಒಳದ್ರವದಲ್ಲಿ, ಎಲೆಕ್ಟ್ರಾನ್ ಸಾಗಣೆ ಅದರ ಒಳಪೊರೆಯಲ್ಲಿ. ಬೆಳಕಿನ ಕ್ರಿಯೆ ಕ್ಲೋರೋಪ್ಲಾಸ್ಟಿನ ಒಳಗಿನ ಥೈಲಕಾಯ್ಡ್ ಪೊರೆಯಲ್ಲಿ, ಕ್ಯಾಲ್ವಿನ್ ಚಕ್ರ ಅದರ ಒಳದ್ರವವಾದ ಸ್ಟ್ರೋಮಾದಲ್ಲಿ. ಜಾಗ ಗಟ್ಟಿಯಾದರೆ ಮಿಕ್ಕದ್ದನ್ನು ತುಂಬುವುದು ಕಷ್ಟವಲ್ಲ.

## ಹಂತ 9: ಈ ಗುರುತುಗಳು ಕಂಡರೆ ನಿಲ್ಲಿಸಿ

ನೋಟ್ಸ್ ಬಣ್ಣ ಬಣ್ಣವಾಗಿದೆ, ಆದರೆ ಅದನ್ನು ಮುಚ್ಚಿ ತಮ್ಮನಿಗೋ ಅಮ್ಮನಿಗೋ ಕನ್ನಡದಲ್ಲಿ ಎರಡು ನಿಮಿಷ ವಿವರಿಸಲು ಆಗುವುದಿಲ್ಲ. ಇದು ಮೊದಲ ಅಪಾಯದ ಗುರುತು. ಕನ್ನಡದಲ್ಲಿ ಹೇಳಲು ಬಾರದ್ದು ಇಂಗ್ಲಿಷಿನಲ್ಲೂ ಬಂದಿಲ್ಲ. ಅಕ್ಷರಗಳು ಮಾತ್ರ ಬಂದಿವೆ.

ಎರಡನೆಯದು, ಪಠ್ಯಪುಸ್ತಕ ಹೊಸದರಂತೆ ಹೊಳೆಯುತ್ತಿದ್ದು ಗೈಡ್ ಮಾತ್ರ ಸವೆದಿರುವುದು. ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದ್ದು, ಅದಕ್ಕೂ ಮೂಲ ಇದೇ ಪಠ್ಯಪುಸ್ತಕ. ಚಿತ್ರದ ಕೆಳಗಿನ ಸಣ್ಣ ಅಕ್ಷರದ ಸಾಲುಗಳನ್ನೂ ಬಿಡಬೇಡಿ.

ಮೂರನೆಯದನ್ನು ಹೆತ್ತವರು ಗಮನಿಸಬೇಕು. ಮಗು ಲ್ಯಾಬ್ ಇರುವ ದಿನವೇ ರಜೆ ಹಾಕುತ್ತಿದ್ದರೆ ಗದರಬೇಡಿ, ಕಾರಣ ಕೇಳಿ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಎಲ್ಲರೆದುರು ಉತ್ತರಿಸಲಾಗದು ಎಂಬ ಭಯ ಅದರ ಹಿಂದಿರುತ್ತದೆ. ಉಪನ್ಯಾಸಕರೊಂದಿಗೆ ಒಮ್ಮೆ ಮಾತನಾಡಿ. ಕನ್ನಡದಲ್ಲಿ ಕೇಳಲು ಅವಕಾಶ ಸಿಕ್ಕ ಮೇಲೆ ಇಂಥ ಮಕ್ಕಳು ಎರಡು ತಿಂಗಳಲ್ಲಿ ಮುಂದಿನ ಬೆಂಚಿಗೆ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

## ಹಂತ 10: ಲಿಖಿತ ಪರೀಕ್ಷೆ, ಆಮೇಲೆ ಪ್ರಯೋಗ ಪರೀಕ್ಷೆ

ಲಿಖಿತದಲ್ಲಿ ಅಂಕ ಸೋರುವ ಜಾಗಗಳು ಮೂರು. ವ್ಯತ್ಯಾಸ ಬರೆಯುವಾಗ ಎಡಕ್ಕೆ ಆಕಾರ, ಬಲಕ್ಕೆ ಕೆಲಸ ಬರೆದರೆ ಅದು ವ್ಯತ್ಯಾಸವಾಗುವುದಿಲ್ಲ. ಎರಡೂ ಕಡೆ ಒಂದೇ ಅಂಶವನ್ನು ಹೋಲಿಸಿ. ವೈಜ್ಞಾನಿಕ ಹೆಸರನ್ನು ಕೈಯಲ್ಲಿ ಬರೆಯುವಾಗ ಎರಡೂ ಪದಗಳಿಗೆ ಬೇರೆ ಬೇರೆ ಅಡಿಗೆರೆ ಎಳೆಯಬೇಕು. ಮಾವಿನ ಹೆಸರಾದ ಮ್ಯಾಂಜಿಫೆರಾ ಇಂಡಿಕಾ ಬರೆದರೆ ಮೊದಲ ಪದ ಇಂಗ್ಲಿಷಿನ ದೊಡ್ಡ ಅಕ್ಷರದಿಂದ, ಎರಡನೆಯದು ಸಣ್ಣ ಅಕ್ಷರದಿಂದ ಆರಂಭವಾಗಬೇಕು. ಕಾರಣ ಕೊಡಿ ಎಂದಾಗ ಕಾರಣವನ್ನೇ ಕೊಡಿ, ವ್ಯಾಖ್ಯಾನವನ್ನಲ್ಲ.

ಪ್ರಯೋಗ ಪರೀಕ್ಷೆಯಲ್ಲಿ ಆಹಾರ ಘಟಕಗಳ ಪತ್ತೆ ಬಂದರೆ ಯಾವುದಕ್ಕೆ ಬಿಸಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಬೆನೆಡಿಕ್ಟ್ ದ್ರಾವಣಕ್ಕೆ ಬಿಸಿ ಬೇಕು: ನೀಲಿ ಹಸಿರಾಗಿ, ಹಳದಿಯಾಗಿ, ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಪಿಷ್ಟ ಪತ್ತೆಯ ಅಯೋಡಿನ್‌ಗೂ ಪ್ರೋಟೀನ್ ಪತ್ತೆಯ ಬೈಯುರೆಟ್‌ಗೂ ಬೇಡ. ದ್ರಾಕ್ಷಿ ರಸ ಬೆನೆಡಿಕ್ಟ್ ಪರೀಕ್ಷೆಗೆ ಒಪ್ಪುತ್ತದೆ, ಚಹಾಕ್ಕೆ ಹಾಕುವ ಸಕ್ಕರೆಯ ನೀರು ಒಪ್ಪುವುದಿಲ್ಲ, ಏಕೆಂದರೆ ಅದರ ಸುಕ್ರೋಸ್ ಅಪಕರ್ಷಕ ಸಕ್ಕರೆ (ರೆಡ್ಯೂಸಿಂಗ್ ಶುಗರ್, ಬೆನೆಡಿಕ್ಟ್ ದ್ರಾವಣದ ಬಣ್ಣ ಬದಲಿಸುವ ಬಗೆಯದು) ಅಲ್ಲ. ಮನೆಯಲ್ಲಿ ಸಿಹಿಯಾದದ್ದೆಲ್ಲ ಕೆಂಪಾಗುತ್ತದೆ ಎಂದುಕೊಂಡು ಬಂದವರು ಇಲ್ಲಿ ಗಾಬರಿಯಾಗಿ, ಬದಲಾಗದ ನೀಲಿಯನ್ನು ಎದುರಿಗಿಟ್ಟುಕೊಂಡೇ ಇಟ್ಟಿಗೆ ಕೆಂಪು ಎಂದು ಬರೆಯುತ್ತಾರೆ.

ಹಾಗೆ ಮಾಡಬೇಡಿ. ನೀಲಿ ಉಳಿದಿದ್ದರೆ ನೀಲಿ ಎಂದು ಬರೆದು, ಅಪಕರ್ಷಕ ಸಕ್ಕರೆ ಇಲ್ಲ ಎಂದು ತೀರ್ಮಾನ ಬರೆಯಿರಿ. ಪರೀಕ್ಷಕರು ನಿಮ್ಮ ಹಾಳೆಯನ್ನು ಓದುವಾಗ ಪ್ರನಾಳ ಅವರ ಕಣ್ಣೆದುರೇ ನಿಂತಿರುತ್ತದೆ.